ರಾಜ್ಯವಿಲ್ಲದ ಅರಸರನ್ನು ಹುಡುಕಿಕೊಂಡು ನಾಲ್ಕು ದಿನ

ನಮ್ಮದು ಹೊಸನಗರ ತಾಲ್ಲೂಕು. ಚಿಕ್ಕಂದಿನಲ್ಲಿ ಅಪ್ಪ ನಗರ ಎಂಬ ಊರಿನ ಕೋಟೆಗೆ ಕರೆದುಕೊಂಡು ಹೋದಾಗಲೆಲ್ಲ ಒಂದೇ ಕಥೆ ಹೇಳುತ್ತಿದ್ದರು. 1830ರಲ್ಲಿ ನಮ್ಮ ಕಡೆಯ ರೈತರು ಕೂಟ ಸೇರಿದರು, ಕಂದಾಯ ಕೊಡೋದಿಲ್ಲ ಅಂದರು. ಆ ದಂಗೆಯ ನೆಪದಲ್ಲೇ 1831ರಲ್ಲಿ ಕಂಪನಿ ಸರ್ಕಾರ ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡಿತು. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಮಾತ್ರ ಮುಂದಿನದ್ದೇ ಕಾಡುತ್ತಿತ್ತು. ಆಗ ಅರಸರಿಗೆ 37 ವರ್ಷ. ಅವರು ತೀರಿಕೊಂಡದ್ದು 1868ರಲ್ಲಿ. ನಡುವಿನ 36 ವರ್ಷ ಚಿಲ್ಲರೆ, ಅರಮನೆ ಇದೆ, ಸಿಂಹಾಸನ ಇದೆ, ರಾಜ್ಯ ಇಲ್ಲ. ಅಷ್ಟು ವರ್ಷ ಅವರು ಏನು ಮಾಡಿದರು?

ಆ ಪ್ರಶ್ನೆ ಹಿಡಿದುಕೊಂಡೇ ಕಾರ್ತಿಕ ಮಾಸದ ಒಂದು ಶುಕ್ರವಾರ ರಾತ್ರಿ ರೈಲು ಹತ್ತಿದೆವು. ಅಪ್ಪನೂ ಬಂದರು. "ನಾನು ರೈತರ ಪಕ್ಷವೇ ಮಗಾ, ಮೊದಲೇ ಹೇಳಿಬಿಡ್ತೀನಿ" ಎಂದು ಬ್ಯಾಗಿಗೆ ಕೊಡೆ ತುರುಕಿಕೊಂಡರು.

ಮೊದಲ ದಿನ: ಶ್ರೀರಂಗಪಟ್ಟಣ

ಮೈಸೂರಿನಲ್ಲಿ ಲಾಡ್ಜಿಗೆ ಬ್ಯಾಗು ಹಾಕಿ, ಇಡ್ಲಿ ತಿಂದು, ಸೀದಾ ಪಟ್ಟಣದ ಬಸ್ಸು ಹತ್ತಿದೆವು. ಮೈಸೂರಿನವರು ಶ್ರೀರಂಗಪಟ್ಟಣವನ್ನು ಬರೀ ಪಟ್ಟಣ ಅಂತಲೇ ಕರೆಯುವುದು. ಹೊರಟಾಗ ಬಿಸಿಲಿತ್ತು. ಕೋಟೆ ಬಾಗಿಲಲ್ಲಿ ಇಳಿಯುವಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿಯಿತು. ಮಲೆನಾಡಿನವರಿಗೆ ಇದು ಮಳೆಯೇ ಅಲ್ಲ. ಆದರೂ ರಸ್ತೆಯ ಕೆಂಪು ಮಣ್ಣು ಜಾರುತ್ತಿತ್ತು, ಅಪ್ಪನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ರಂಗನಾಥನ ಗುಡಿಯ ಹತ್ತಿರ ಚಪ್ಪಲಿ ಹೊಲಿಯುವವರೊಬ್ಬರು ಸಿಕ್ಕಿದರು. ಪ್ಲಾಸ್ಟಿಕ್ ಹಾಳೆಯ ಕೆಳಗೆ ಕೂತು ಎರಡೇ ನಿಮಿಷದಲ್ಲಿ ಹೊಲಿದು ಕೊಟ್ಟು, "ಟಿಪ್ಪು ಬಿದ್ದ ಜಾಗ ಆ ಕಡೆ ಸಾರ್" ಎಂದು ಕೇಳದೆಯೇ ಕೈ ತೋರಿಸಿದರು. ಇಲ್ಲಿಗೆ ಬರುವವರೆಲ್ಲ ಅದನ್ನೇ ಕೇಳುತ್ತಾರಂತೆ. "ಮುಮ್ಮಡಿ ಒಡೆಯರು ಹುಟ್ಟಿದ್ದು ಎಲ್ಲಿ?" ಅಂದೆ. ಸೂಜಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಅದನ್ನ ಕೇಳೋರು ಕಮ್ಮಿ. ನರಸಿಂಹಸ್ವಾಮಿ ಗುಡಿ ಹತ್ರ ಹೋಗಿ ವಿಚಾರಿಸಿ."

ಹೋದೆವು. ಟಿಪ್ಪು ಬಿದ್ದ ಜಾಗದಲ್ಲಿದ್ದಷ್ಟು ಜನ ಇಲ್ಲಿಲ್ಲ. ಒಂದು ಮೇಕೆ ಮಳೆಗೆ ಗೋಡೆ ಒತ್ತಿಕೊಂಡು ನಿಂತಿತ್ತು. ಮುಮ್ಮಡಿಯವರು 1794ರ ಜುಲೈ 14ರಂದು ಇದೇ ಕೋಟೆಯೊಳಗೆ ಹುಟ್ಟಿದರು. ತಂದೆ ಖಾಸಾ ಚಾಮರಾಜ ಒಡೆಯರು, ತಾಯಿ ಕೆಂಪನಂಜಮ್ಮಣ್ಣಿ. ಮಗುವಿಗೆ ಎರಡು ವರ್ಷವಾದಾಗ ತಂದೆ ಹೋದರು. ಟಿಪ್ಪು ಮತ್ತೊಬ್ಬ ಅರಸನನ್ನು ಕೂರಿಸಲಿಲ್ಲ. ಮನೆಯವರನ್ನು ಅರಮನೆಯಿಂದ ಹೊರಗೆ ಹಾಕಿ ಸಣ್ಣದೊಂದು ಮನೆಯಲ್ಲಿ ಇಟ್ಟರು. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಇಂಗ್ಲಿಷರು ಹುಡುಕಿಕೊಂಡು ಬಂದಾಗ ರಾಜವಂಶ ಬಡತನದಲ್ಲಿ ದಿನ ದೂಡುತ್ತಿತ್ತು.

ಇಲ್ಲಿ ಅಜ್ಜಿ ಲಕ್ಷ್ಮಮ್ಮಣ್ಣಿಯವರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಕೋಟೆಯೊಳಗೆ ಕಾವಲಿನಲ್ಲಿ ಇದ್ದುಕೊಂಡೇ, ವರ್ಷಗಟ್ಟಲೆ ಗುಟ್ಟಾಗಿ ಇಂಗ್ಲಿಷರ ಜೊತೆ ಪತ್ರವ್ಯವಹಾರ ನಡೆಸಿದ ಹೆಂಗಸು ಅವರು. ಸಿಕ್ಕಿಬಿದ್ದರೆ ತಲೆ ಹೋಗುವ ಕೆಲಸ. ರಾಜ್ಯ ಮತ್ತೆ ಮನೆಗೆ ಬಂದದ್ದಕ್ಕೆ ಆ ಅಜ್ಜಿಯ ಛಲವೂ ಕಾರಣ.

ಮಧ್ಯಾಹ್ನ ಗುಡಿಗಳೆಲ್ಲ ಮುಚ್ಚುತ್ತವೆ. ಹಾಗಾಗಿ ಬೆಳಿಗ್ಗೆಯೇ ದರ್ಶನ ಮುಗಿಸಿಕೊಳ್ಳುವುದು ಒಳ್ಳೆಯದು. ನಾವು ಆ ಹೊತ್ತನ್ನು ವೆಲ್ಲೆಸ್ಲಿ ಸೇತುವೆಯ ಹತ್ತಿರ ಕಳೆದೆವು. ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿ ಮುಗಿಸಿ ಗವರ್ನರ್ ಜನರಲ್ಲನ ಹೆಸರಿಟ್ಟ ಕಲ್ಲಿನ ಸೇತುವೆ. ಕಮಾನು ಇಲ್ಲ. ಒರಟು ಕಲ್ಲಿನ ಕಂಬಗಳು, ಮೇಲೆ ಕಲ್ಲಿನ ತೊಲೆಗಳು. ಕಾವೇರಿ ಕಂಬಗಳ ಮಧ್ಯೆ ನೊರೆ ಕಟ್ಟಿಕೊಂಡು ಹೋಗುತ್ತಿತ್ತು. ಕಬ್ಬಿನ ಹಾಲು ಕುಡಿಯುತ್ತಾ ಅಪ್ಪ, "ದುಡ್ಡು ನಮ್ಮದು, ಹೆಸರು ಅವರದ್ದು" ಅಂದರು. ಹೊಸ ರಾಜ್ಯದ ಸ್ಥಿತಿಯೇ ಹಾಗಿತ್ತು, ಅಲ್ವಾ? 1799ರ ಜುಲೈ 8ರ ಒಪ್ಪಂದದಂತೆ ಮೈಸೂರು ಪ್ರತಿ ವರ್ಷ ಕಂಪನಿಗೆ 7 ಲಕ್ಷ ವರಹ ಕೊಡಬೇಕು. ರೂಪಾಯಿಯಲ್ಲಿ 24.5 ಲಕ್ಷ. ಮಳೆ ಬರಲಿ ಬಿಡಲಿ, ಬೆಳೆಗೆ ಬೆಲೆ ಸಿಗಲಿ ಬಿಡಲಿ, ಆ ಹಣ ಹೋಗಲೇಬೇಕು. ಹಣಕ್ಕೆ ತೊಂದರೆ ಬರಬಹುದು ಅನ್ನಿಸಿದರೆ ಕಂಪನಿಯೇ ಆಡಳಿತಕ್ಕೆ ಕೈ ಹಾಕಬಹುದು ಎಂದೂ ಅದರಲ್ಲೇ ಬರೆದಿತ್ತು. ಐದು ತುಂಬದ ಹುಡುಗನನ್ನು ಪಟ್ಟಕ್ಕೆ ಕೂರಿಸಿದ ಮರುವಾರವೇ ಈ ಕುಣಿಕೆಯೂ ಸಿದ್ಧವಾಯಿತು.

ಎರಡನೇ ದಿನ: ಮೈಸೂರು

ಭಾನುವಾರ ಅರಮನೆಗೆ ವಿಪರೀತ ಜನ. ಮಧ್ಯಾಹ್ನದ ಮೇಲೆ ಕಾಲಿಡಲು ಆಗುವುದಿಲ್ಲ, ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಂತೆವು. ಆದರೆ ಈಗಿರುವ ಅರಮನೆಯನ್ನು ಮುಮ್ಮಡಿಯವರು ಕಂಡವರೇ ಅಲ್ಲ. ಅವರಿದ್ದದ್ದು ಮರದ ಅರಮನೆಯಲ್ಲಿ. ಅದು 1897ರಲ್ಲಿ ಮದುವೆಯ ಸಮಯದಲ್ಲಿ ಬೆಂಕಿಗೆ ಆಹುತಿಯಾಯಿತು. ಹೊಸದು ಮುಗಿದದ್ದು 1912ರಲ್ಲಿ. ಹಾಗಾಗಿ ಒಳಗೆ ಬೇಗ ಬೇಗ ಒಂದು ಸುತ್ತು ಹಾಕಿ, ಕೋಟೆಯೊಳಗಿನ ಗುಡಿಗಳ ಕಡೆ ಹೊರಟೆವು. ನಮಗೆ ಬೇಕಾದವರು ಅಲ್ಲಿದ್ದರು.

ಲಕ್ಷ್ಮೀರಮಣಸ್ವಾಮಿ ಗುಡಿಯಲ್ಲಿ ಒಬ್ಬರೇ ಒಬ್ಬ ಅಜ್ಜಿ ತುಳಸಿ ಕಟ್ಟುತ್ತಾ ಕೂತಿದ್ದರು. 1799ರ ಜೂನ್ 30ರಂದು ಪಟ್ಟಾಭಿಷೇಕ ಆದದ್ದು ಇಲ್ಲೇ. ಐದು ತುಂಬಲು ಇನ್ನೂ ಎರಡು ವಾರ ಬಾಕಿ. ಟಿಪ್ಪು ಹಳೆಯ ಮೈಸೂರನ್ನು ಕೆಡವಿಸಿದ್ದ. ಹುಡುಗನನ್ನು ಕೂರಿಸಲು ಊರಲ್ಲಿ ಒಂದು ನೆಟ್ಟಗಿನ ಸೂರು ಇರಲಿಲ್ಲ, ಚಪ್ಪರ ಹಾಕಿದರು. ಒಂದು ಕಡೆ ಜನರಲ್ ಹ್ಯಾರಿಸ್, ಇನ್ನೊಂದು ಕಡೆ ನಿಜಾಮನ ಕಡೆಯ ಮೀರ್ ಆಲಂ, ನಡುವೆ ಮಗು. ಅಜ್ಜಿಗೆ ಹೇಳಿದೆ. "ಅಯ್ಯೋ, ಅಷ್ಟು ಜನ ಸೋಜರನ್ನ ಕಂಡು ಕೂಸು ಹೆದರಿಕೊಂಡಿಲ್ವೇ?" ಅಂದರು. ಇನ್ನೂರು ಚಿಲ್ಲರೆ ವರ್ಷದ ಹಿಂದಿನ ಮಗುವಿನ ಬಗ್ಗೆ ನಿನ್ನೆ ಮೊನ್ನೆಯದು ಎಂಬಂತೆ ಕೇಳಿದ ಆ ಮಾತು ಇನ್ನೂ ಕಿವಿಯಲ್ಲಿದೆ.

ಪಕ್ಕದಲ್ಲೇ ಪ್ರಸನ್ನ ಕೃಷ್ಣಸ್ವಾಮಿ ಗುಡಿ. 1825ರಲ್ಲಿ ಶುರು ಮಾಡಿ 1829ರಲ್ಲಿ ಮುಗಿಸಿದ್ದು ಮುಮ್ಮಡಿಯವರೇ. ಅಪ್ಪ ಇಸವಿ ಕೇಳಿ ಅಲ್ಲೇ ನಿಂತರು. "1829? ನಮ್ಮಲ್ಲಿ ದಂಗೆಗೆ ಮುಂಚಿನ ವರ್ಷ. ಅಂದರೆ ಅಮಲ್ದಾರರು ರೈತರ ಚರ್ಮ ಸುಲಿಯೋ ಹೊತ್ತಿಗೆ ಇಲ್ಲಿ ಗುಡಿ ಏಳ್ತಿತ್ತು."

ನಾನು ವಾದ ಮಾಡಲಿಲ್ಲ. ಅವರ ಮಾತಿನಲ್ಲಿ ಸತ್ಯ ಇದೆ. ಪೂರ್ಣಯ್ಯ 1811ರಲ್ಲಿ ಅಧಿಕಾರ ಬಿಡುವಾಗ ಬೊಕ್ಕಸ ತುಂಬಿಸಿಟ್ಟಿದ್ದರು. ಹದಿನಾರು ಹದಿನೇಳರ ಹುಡುಗನ ಕೈಗೆ ಅದೆಲ್ಲ ಒಮ್ಮೆಗೇ ಬಂತು. ಕೊಡುಗೈ, ಸುತ್ತ ಹೊಗಳುವವರು. ಕೂಡಿಟ್ಟದ್ದು ಕರಗಿತು. ಆಮೇಲೆ ಬಂದದ್ದು ಶರತ್ತಿನ ಪದ್ಧತಿ. ಇಷ್ಟು ಕಂದಾಯ ತಂದುಕೊಡುತ್ತೇನೆ ಎಂದು ಶರತ್ತು ಬರೆದುಕೊಟ್ಟವನಿಗೆ ಅಮಲ್ದಾರಿಕೆ. ಅವನು ಅದನ್ನು ಎಲ್ಲಿಂದ ತರುತ್ತಾನೆ? ರೈತನ ಮನೆಯಿಂದ. ಆಗಲೇ ಧಾನ್ಯದ ಬೆಲೆ ಬಿದ್ದಿತ್ತು. ನಗರದ ಅರಸು ನಾನೇ ಎಂದು ಬೂದಿ ಬಸವಪ್ಪ ಎದ್ದು ನಿಂತ, ತರೀಕೆರೆಯ ಪಾಳೆಯಗಾರರು ಜೊತೆಗೂಡಿದರು. ಅರಸರ ತಪ್ಪು ತಪ್ಪೇ. ಆದರೆ ಆ 24.5 ಲಕ್ಷ ಮಾತ್ರ ಒಂದು ಕಾಸೂ ಕಮ್ಮಿಯಾಗುವಂತಿರಲಿಲ್ಲ ಅನ್ನುವುದನ್ನು ನಾವು ಮರೆಯಬಾರದು. 1833ರಲ್ಲಿ ಕಂಪನಿಯೇ ನೇಮಿಸಿದ ವಿಚಾರಣಾ ಸಮಿತಿ, ದುರಾಡಳಿತದ ದೂರುಗಳಲ್ಲಿ ಉತ್ಪ್ರೇಕ್ಷೆ ಇತ್ತು ಎಂದು ವರದಿ ಕೊಟ್ಟಿತು. ರಾಜ್ಯದ ಒಂದು ಭಾಗವನ್ನಾದರೂ ವಾಪಸ್ ಕೊಡೋಣ ಎಂದು ಗವರ್ನರ್ ಜನರಲ್ ಬೆಂಟಿಂಕನೇ ಲಂಡನ್ನಿಗೆ ಬರೆದ. ಅಲ್ಲಿಯವರು ಒಪ್ಪಲಿಲ್ಲ. ಆಡಳಿತದ ಕಚೇರಿ ಬೆಂಗಳೂರಿಗೆ ಹೋಯಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್. ಮೈಸೂರಿನಲ್ಲಿ ಅರಸರಿಗೆ ಉಳಿದದ್ದು ವರ್ಷಕ್ಕೆ 1 ಲಕ್ಷ ವರಹ, ನಿವ್ವಳ ಆದಾಯದಲ್ಲಿ ಐದನೇ ಒಂದು ಪಾಲು, ಮತ್ತೆ ಪೂರ್ತಿ ಖಾಲಿ ದಿನಗಳು.

ಆ ಖಾಲಿ ದಿನಗಳು ಕಣ್ಣಿಗೆ ಕಾಣುವುದು ಜಗನ್ಮೋಹನ ಅರಮನೆಯಲ್ಲಿ. 1861ರಲ್ಲಿ ಅವರೇ ಕಟ್ಟಿಸಿದ್ದು. ಜನರೆಲ್ಲ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಸೇರಿರುತ್ತಾರೆ. ದಯವಿಟ್ಟು ಗೋಡೆಗಳನ್ನೂ ನೋಡಿ. ದಸರಾ ಮೆರವಣಿಗೆಯ ಉದ್ದನೆಯ ಚಿತ್ರವಿದೆ. ರಾಜ್ಯ ಹೋದರೂ ಅವರು ದಸರೆಯ ದರ್ಬಾರನ್ನು ಬಿಡಲಿಲ್ಲ. ಸಂತಾನಾಂಬುಜ ಎಂಬ ಇನ್ನೊಂದು ಚಿತ್ರವಿದೆ, ತಾವರೆಯ ಎಸಳು ಎಸಳಿನಲ್ಲೂ ಅರಸು ಮನೆತನದ ವಂಶಾವಳಿ. ತನಗೆ ಗಂಡು ಮಕ್ಕಳಿಲ್ಲ, ದತ್ತು ತೆಗೆದುಕೊಂಡರೆ ಬ್ರಿಟಿಷರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಆ ಕಾಲದಲ್ಲಿ ಬರೆಸಿದ ವಂಶಾವಳಿ ಅದು. ನಾನು ಬಹಳ ಹೊತ್ತು ನಿಂತದ್ದು ಅದರ ಮುಂದೆ.

ಇನ್ನು ಆಟಗಳು. ಪಗಡೆ, ಚದುರಂಗ, ಗಂಜೀಫಾ ಎಂಬ ಹಳೆಯ ಇಸ್ಪೀಟು. ಸುಮ್ನೆ ಆಡಿದವರಲ್ಲ ಅವರು, ಹೊಸ ಆಟಗಳನ್ನೇ ಹುಟ್ಟುಹಾಕಿದರು. ನೂರಾರು ಎಲೆಗಳ, ಚದ ಎಂಬ ಇಸ್ಪೀಟಿನ ಆಟಗಳು, ಹುಲಿಯೋ ಹೂವೋ ಆಗುವ ಪಟಗಳು. ಅವರ ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ಒಂಬತ್ತು ನಿಧಿಗಳು, ಅಂದರೆ ಭಾಗಗಳು. ಕೊನೆಯದು ಕೌತುಕನಿಧಿ, ಅದರಲ್ಲಿ ಆಟಗಳಿಗೇ ಜಾಗ.

ಚದುರಂಗದ ಕುದುರೆಯ ಓಟ ಅವರಿಗೆ ಬಹಳ ಪ್ರೀತಿ. ಕುದುರೆ 64 ಮನೆಗಳನ್ನೂ ಮೆಟ್ಟಬೇಕು, ಯಾವ ಮನೆಯನ್ನೂ ಎರಡನೇ ಸಲ ಮುಟ್ಟಬಾರದು. ಹೆಜ್ಜೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕುತ್ತಾ ಹೋಗಬೇಕು. ಮುಮ್ಮಡಿಯವರು ಕಟ್ಟಿದ ಒಂದು ಓಟದಲ್ಲಿ ಯಾವ ಅಡ್ಡಸಾಲು ಕೂಡಿದರೂ 260, ಯಾವ ಉದ್ದಸಾಲು ಕೂಡಿದರೂ 260. ಅದೇ ಕಾಲಕ್ಕೆ ಇಂಗ್ಲೆಂಡಿನಲ್ಲೂ ಒಬ್ಬರು ಅಂಥದ್ದನ್ನು ಕಂಡುಹಿಡಿದಿದ್ದರು. ಮೈಸೂರಿನಲ್ಲಿ ಇವರು ತಮ್ಮಷ್ಟಕ್ಕೆ ತಾವೇ ಕಟ್ಟಿದರು.

ಸಂಜೆ ಏಳಕ್ಕೆ ಅರಮನೆಯ ದೀಪ ಹತ್ತಿದಾಗ ಜನ ಓಹ್ ಎಂದರು. ನಾವೂ ಅಂದೆವು. ರಾತ್ರಿ ಲಾಡ್ಜಿನಲ್ಲಿ ಹಾಳೆಯ ಮೇಲೆ 64 ಮನೆ ಗೆರೆ ಎಳೆದು ಕುದುರೆ ಓಡಿಸಲು ಕೂತೆ. ಮೊದಲ 30 ಸಲೀಸು. 40ರ ನಂತರ ಪ್ರತಿ ಹೆಜ್ಜೆಗೂ ಎದೆ ಹೊಡೆದುಕೊಳ್ಳುತ್ತದೆ. 53ಕ್ಕೆ ದಾರಿ ಮುಚ್ಚಿತು. ಅಳಿಸಿ ಮತ್ತೆ ಶುರು. 49. ಮತ್ತೆ. ಹನ್ನೆರಡೂವರೆಗೆ ಪೆನ್ಸಿಲ್ ಇಟ್ಟಾಗ ಅನ್ನಿಸಿದ್ದು ಇಷ್ಟು. ಇದು ಹೊತ್ತು ಕಳೆಯುವ ಆಟ ಅಲ್ಲ. ಮುಂದಿನ ಹೆಜ್ಜೆ ತನ್ನ ಕೈಯಲ್ಲೇ ಇರುವ ಒಂದು ಜಾಗ ಆ ಮನುಷ್ಯನಿಗೆ ಬೇಕಿತ್ತು.

ಮೂರನೇ ದಿನ: ಚಾಮರಾಜನಗರ, ನಂಜನಗೂಡು

ಬೆಳಗಿನ ರೈಲಿಗೆ ಚಾಮರಾಜನಗರ. ಕಿಟಕಿಯಾಚೆ ಅರಿಸಿನ, ಬಾಳೆ, ಕಬ್ಬು. ಮಳೆ ನಿಂತು ತೊಳೆದಿಟ್ಟಂಥ ಬಿಸಿಲು. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ಸಾಲು ಮೋಡ ಹೊದ್ದಿತ್ತು.

ಈ ಊರಿನ ಹಳೆಯ ಹೆಸರು ಅರಿಕುಠಾರ. ಮುಮ್ಮಡಿಯವರ ತಂದೆ ಹುಟ್ಟಿದ್ದು ಇಲ್ಲಿ. ಅವರು ಅರಸರಾದದ್ದರ ಹಿಂದೆ ಒಂದು ಕಥೆಯಿದೆ. ಹೈದರ್ ಅರಸು ಮನೆತನಗಳ ಮಕ್ಕಳನ್ನೆಲ್ಲ ಕರೆಸಿ, ಮುಂದೆ ಆಟದ ಸಾಮಾನು, ಹಣ್ಣು, ಆಯುಧ ಎಲ್ಲ ಹರಡಿಸಿದನಂತೆ. ಉಳಿದವರು ಆಟದ ಸಾಮಾನಿಗೆ ಮುಗಿಬಿದ್ದರು. ಒಂದು ಮಗು ಮಾತ್ರ ಕಠಾರಿ ಎತ್ತಿಕೊಂಡಿತು. ಇವನೇ ಅರಸ ಅಂದ ಹೈದರ್. ಆಮೇಲೆ ಆ ಕಠಾರಿಗೆ ಎಂದೂ ಕೆಲಸ ಸಿಗಲಿಲ್ಲ. ಹೆಸರಿಗೆ ಅರಸ, ಇದ್ದದ್ದು ಕಾವಲಿನಲ್ಲಿ. ಅಪ್ಪನಿಗೂ ಹಾಗೆ, ಮಗನಿಗೂ ಹಾಗೆ.

ಮುಮ್ಮಡಿಯವರು ಊರಿಗೆ ತಂದೆಯ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರನ ಗುಡಿ ಕಟ್ಟಿಸಿದರು. ತಂದೆ ಹುಟ್ಟಿದ ಜಾಗದಲ್ಲಿ ಜನನ ಮಂಟಪವಿದೆ. ಗುಡಿಯ ಹತ್ತಿರ ಹೂ ಮಾರುತ್ತಿದ್ದ ಅಮ್ಮ, "ಆಷಾಢದಲ್ಲಿ ಬರಬೇಕಿತ್ತು ನೀವು, ತೇರು ನೋಡಕೆ" ಅಂದರು. ಆಷಾಢದಲ್ಲಿ ಬೇರೆ ಬೇರೆ ಇರಬೇಕಾದ ಹೊಸ ಮದುವೆಯ ಜೋಡಿಗಳು ಈ ತೇರಿಗೆ ಮಾತ್ರ ಒಟ್ಟಿಗೆ ಬರುತ್ತಾರಂತೆ. ಹಣ್ಣು ಜವನ ಎಸೆಯುತ್ತಾರಂತೆ. ಅದನ್ನು ಹೇಳುವಾಗ ಆಕೆಯ ಮುಖದಲ್ಲಿ ತನ್ನ ಮದುವೆಯ ವರ್ಷ ಕಾಣಿಸಿತು.

ಒಳಗೆ ಅರಸರು ರಾಣಿಯರ ಜೊತೆ ಕಲ್ಲಿನಲ್ಲಿ ಕೈ ಮುಗಿದು ನಿಂತಿದ್ದಾರೆ. ಮೈಮೇಲೆ ಒಡವೆ, ಪೇಟ. ಆದರೂ ನಿಂತಿರುವುದು ಭಕ್ತನ ಹಾಗೆ. ಅಪ್ಪ ಹತ್ತಿರ ಹೋಗಿ ನೋಡಿ ಏನೂ ಹೇಳದೆ ಬಂದರು.

ಊಟಕ್ಕೆ ಬಸ್ ನಿಲ್ದಾಣದ ಹಿಂದಿನ ಮೆಸ್. ಮುದ್ದೆ, ಉಪ್ಸಾರು, ಸೊಪ್ಪಿನ ಪಲ್ಯ, ತಟ್ಟೆಯ ಮೂಲೆಯಲ್ಲಿ ಒಂದು ಚಿಟಿಕೆ ಖಾರ. ಅಪ್ಪ ಮುದ್ದೆಯನ್ನು ಅನ್ನದಂತೆ ಅಗಿಯುತ್ತಿದ್ದರು. ಮೆಸ್ಸಿನ ಯಜಮಾನರು ಓಡಿ ಬಂದರು. "ಅಗೀಬ್ಯಾಡಿ ಸಾ. ಚಿಕ್ಕದಾಗಿ ಮುರ್ಕಳಿ, ಖಾರಕ್ಕೆ ಮುಟ್ಟಿಸಿ, ಸಾರಲ್ಲಿ ಅದ್ದಿ, ನುಂಗ್ಬಿಡಿ." ಅಪ್ಪ ಮೂರನೇ ತುತ್ತಿಗೆ ಕಲಿತರು, ಎರಡನೇ ಮುದ್ದೆ ಕೇಳಿದರು. ಖಾರ ಮಾತ್ರ ಹುಷಾರು. ಒಂದು ಚೂರು ಜಾಸ್ತಿಯಾದರೂ ಕಣ್ಣಲ್ಲಿ ನೀರು.

ಸಂಜೆ ನಂಜನಗೂಡಿನಲ್ಲಿ ಇಳಿದ ಮೇಲೆ ಗೊತ್ತಾಯಿತು, ಅವತ್ತು ಕಾರ್ತಿಕ ಸೋಮವಾರ. ಇದನ್ನು ನಾನು ಮೊದಲೇ ನೋಡಿಕೊಳ್ಳಬೇಕಿತ್ತು. ಕಪಿಲೆಯ ತೀರದಿಂದ ಗುಡಿಯ ಬಾಗಿಲವರೆಗೂ ಜನ, ದೀಪ, ಉರುಳುಸೇವೆ. 120 ಅಡಿಯ ಗೋಪುರ ಎಲ್ಲರ ತಲೆಯ ಮೇಲೆ ಎದ್ದು ನಿಂತಿತ್ತು. 1845ರಲ್ಲಿ ಅದನ್ನು ಕಟ್ಟಿಸಿದವರು ಮುಮ್ಮಡಿಯವರ ರಾಣಿ ದೇವಾಜಮ್ಮಣ್ಣಿ. ಅಂದರೆ ರಾಜ್ಯ ಹೋಗಿ ಹದಿನಾಲ್ಕು ವರ್ಷವಾದ ಮೇಲೆ.

ಆ ನೂಕುನುಗ್ಗಲಿನಲ್ಲಿ ಅಪ್ಪ ಕಳೆದುಹೋದರು. ಫೋನು ನನ್ನ ಬ್ಯಾಗಿನಲ್ಲೇ ಇತ್ತು. ಮುಕ್ಕಾಲು ಗಂಟೆ ಹುಡುಕಿದೆ. ಹೊಟ್ಟೆಯಲ್ಲಿ ತಳಮಳ. ಕೊನೆಗೆ ಒಳಗಿನ ಪ್ರಾಕಾರದಲ್ಲಿ ಸಿಕ್ಕಿದರು. ಅರಸರ ಕಲ್ಲಿನ ವಿಗ್ರಹದ ಎದುರು, ಕಂಬಕ್ಕೆ ಒರಗಿ ಕೂತು ರಸಬಾಳೆ ಸುಲಿಯುತ್ತಿದ್ದರು. "ಇಲ್ಲಿ ಜನ ಕಮ್ಮಿ ಇತ್ತು" ಅಂದರು. ಒಂದು ಹಣ್ಣು ನನಗೆ ಕೊಟ್ಟು, ವಿಗ್ರಹದ ಕಡೆ ನೋಡುತ್ತಲೇ ಕೇಳಿದರು. "ಮತ್ತೆ ರಾಜ್ಯ ಕೊಡಿ ಅಂತ ಇವರು ಕೇಳಲೇ ಇಲ್ವಾ?"

ಕೇಳಿದರು ಅಪ್ಪ. ಖರೀತದ ಮೇಲೆ ಖರೀತ, ಅಂದರೆ ಅರಸರ ಪತ್ರ, ಬರೆದರು. ಒಬ್ಬ ಗವರ್ನರ್ ಜನರಲ್ ಹೋಗಿ ಇನ್ನೊಬ್ಬ ಬಂದರೆ ಅವನಿಗೂ ಬರೆದರು. 1861ರಲ್ಲಿ ಕ್ಯಾನಿಂಗಿಗೆ ಬರೆದಾಗ ಅವರಿಗೆ 66 ವರ್ಷ. ಆಗುವುದಿಲ್ಲ ಎಂದು ಉತ್ತರ ಬಂತು. 1865ರಲ್ಲಿ ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು, ಅದಕ್ಕೂ ಒಪ್ಪಿಗೆ ಇಲ್ಲ. ಲಂಡನ್ನಿನವರೆಗೆ ಹೋರಾಡಿದರು. 1867ರಲ್ಲಿ ಒಪ್ಪಿಗೆ ಬಂತು. ಮರುವರ್ಷ ಮಾರ್ಚ್ 27ರಂದು ಅವರು ಕಣ್ಣು ಮುಚ್ಚಿದರು. ಅಪ್ಪ ಸಿಪ್ಪೆಯನ್ನು ಮಡಚಿ ಕೈಯಲ್ಲೇ ಹಿಡಿದುಕೊಂಡಿದ್ದರು. ಹೊರಗೆ ಬರುವವರೆಗೂ ಬಿಸಾಡಲಿಲ್ಲ.

ನಾಲ್ಕನೇ ದಿನ: ಬೆಟ್ಟ

ಕೊನೆಯ ದಿನ ಬೆಳಕು ಹರಿಯುವ ಮುಂಚೆ ಚಾಮುಂಡಿ ಬೆಟ್ಟದ ಬುಡ ಸೇರಿದೆವು. ಸಾವಿರ ಮೆಟ್ಟಿಲು, ಬಿಸಿಲೇರಿದ ಮೇಲೆ ವಯಸ್ಸಾದವರಿಗೆ ಕಷ್ಟ. ನಂದಿಯ ಹತ್ತಿರ ಮಂಜು ಎಷ್ಟು ದಟ್ಟ ಇತ್ತೆಂದರೆ ಗಂಟೆ ಕೇಳಿಸಿತು, ಬಸವ ಕಾಣಲಿಲ್ಲ. ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದ ಇಬ್ಬರು ಹುಡುಗಿಯರು ಅಪ್ಪನಿಗೆ ದಾರಿ ಬಿಟ್ಟು, "ನಿಧಾನಕ್ಕೆ ತಾತ" ಅಂದರು.

ಮೇಲಿನ ಗೋಪುರ, 1827ರ ಜೀರ್ಣೋದ್ಧಾರ, ಎಲ್ಲ ಮುಮ್ಮಡಿಯವರದ್ದೇ. ತಾಯಿ ಚಾಮುಂಡಿಗೆ ಅವರು ಮಾಡಿಸಿಕೊಟ್ಟ ಒಡವೆ ನಕ್ಷತ್ರಮಾಲಿಕೆ, ಅದರ ಮೇಲೆ ಸಂಸ್ಕೃತ ಶ್ಲೋಕಗಳಿವೆ. ಒಳಗೆ ಇಲ್ಲೂ ಅದೇ ಭಕ್ತವಿಗ್ರಹ, ಆಳೆತ್ತರ. ಪಕ್ಕದಲ್ಲಿ ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸದ ರಾಣಿಯರು, ಪೀಠದಲ್ಲಿ ಹೆಸರು. ಎರಡು ದಿನದಲ್ಲಿ ಮೂರನೇ ಸಲ ಕಂಡಾಗ ಗುರುತಿನವರನ್ನು ಕಂಡ ಹಾಗಾಯಿತು. ಹಿಂದೆ ಸಾಲು ಇತ್ತು, ಹೆಚ್ಚು ಹೊತ್ತು ನಿಲ್ಲಲು ಬಿಡಲಿಲ್ಲ. ಅಪ್ಪ ಮೊದಲು ಅಮ್ಮನವರಿಗೆ, ಆಮೇಲೆ ಆ ಕಡೆಗೂ ಒಂದು ಸಲ ಕೈ ಮುಗಿದರು.

ಹೊರಗೆ ಬಂದು ಕಾಫಿ ಕುಡಿಯುವಾಗ ಮಂಜು ಸರಿದು ಮೈಸೂರು ಕಂಡಿತು. "ರಾಜ್ಯ ಮತ್ತೆ ಯಾವಾಗ ಬಂತು?" ಅಂದರು ಅಪ್ಪ. 1881ರ ಮಾರ್ಚ್ 25. ದತ್ತು ಮಗ ಚಾಮರಾಜೇಂದ್ರರಿಗೆ. ಅರಿಕುಠಾರದ ಆ ತಂದೆಯ ಹೆಸರೇ ಮತ್ತೆ ಪಟ್ಟಕ್ಕೆ ಬಂತು. ಆದರೆ ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಕರಾರೂ ಜೊತೆಗೆ ಬಂತು. ಅಪ್ಪ ಲೋಟ ಕೆಳಗಿಟ್ಟರು. "ಅದನ್ನೂ ರೈತರೇ ಕಟ್ಟಿದ್ದು" ಅಂದರು. ಹೌದು ಅಂದೆ.

ಬೆಟ್ಟದಿಂದ ಇಳಿಯಲು ಬಸ್ಸು ಹಿಡಿದೆವು, ಮಂಡಿ ನೋವು ಇರುವವರಿಗೆ ಅದೇ ವಾಸಿ. ಊರಿನ ರೈಲಿನಲ್ಲಿ ಕೂತ ಮೇಲೆ ಅಪ್ಪ ನನ್ನ ಬ್ಯಾಗಿನಿಂದ ಆ 64 ಮನೆಯ ಹಾಳೆ ತೆಗೆದರು. ಹಿಂಬದಿಯಲ್ಲಿ ಹೊಸ ಗೆರೆ ಎಳೆದು ಶುರು ಮಾಡಿದರು. ಅರಸೀಕೆರೆಯಲ್ಲಿ ವಡೆ ಬಂತು, ಬೇಡ ಅಂದರು. ಬೀರೂರು ದಾಟಿದಾಗ 58. ಶಿವಮೊಗ್ಗದಲ್ಲಿ ಇಳಿಯುವಾಗ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡು, "ಇನ್ನು ಮೂರು ಮನೆ" ಅಂದರು.